ಎಕ್ಕ ನೆಟ್ಟ ಟೀಚರು

ಹೋದ ತಿಂಗಳು ಮಾನ್ವಿಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ನಮ್ಮ ಪಕ್ಕದ ಮನೆಯ ಟೀಚರಿಗೆ ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ರಿಟೈರ್ ಆಗುವ ತನಕ ಅವರು ಅಲ್ಲಿ ವಿಜ್ಞಾನ ಕಲಿಸಿದವರು. ಮಾತಾಡಿದವರೆಲ್ಲ ಅವರನ್ನು ಪರಿಸರ ಪ್ರೇಮಿ ಅಂದರು, ಮೃದುಭಾಷಿ ಅಂದರು, ಯಾರಿಗೂ ಎದುರು ಮಾತಾಡಿದವರಲ್ಲ ಅಂದರು. ನಾನು ಹಾರ ಹಾಕಿದ ಫೋಟೊವನ್ನು ಎರಡೆರಡು ಸಲ ನೋಡಿದೆ, ಬೇರೆ ಯಾರದೋ ಸಭೆಗೆ ಬಂದು ಕೂತಿಲ್ಲ ತಾನೆ ಅಂತ. ಕೊನೆಗೆ ಅವರ ನೆನಪಿಗೆಂದು ಕಂಪೌಂಡಿನ ಪಕ್ಕ ಒಂದು ಸಸಿ ನೆಟ್ಟು ಎಲ್ಲರೂ ಫೋಟೊ ತೆಗೆಸಿಕೊಂಡರು. ಬಗ್ಗಿ ನೋಡಿದರೆ ಕೊನೊಕಾರ್ಪಸ್. ಈಗ ಎಲ್ಲ ಆಫೀಸುಗಳ ಮುಂದೆಯೂ ಸಾಲಾಗಿ ನಿಲ್ಲಿಸುತ್ತಾರಲ್ಲ, ಆ ವಿದೇಶಿ ಗಿಡ. ಟೀಚರು ಅದನ್ನು ಪ್ಲಾಸ್ಟಿಕ್ ಗಿಡ ಅನ್ನುತ್ತಿದ್ದರು. "ಒಂದು ಇರಿವಿ ಸೈತ ಅದನ್ನ ತಿರುಗಿ ನೋಡೂದಿಲ್ಲರಿ. ಹಸರು ಬಣ್ಣ ಬಳಿದ ಗ್ವಾಡಿ ಅದು" ಅನ್ನುವುದು ಅವರ ಮಾತು. ಅವರು ಬದುಕಿದ್ದರೆ ಆ ಸಸಿಯನ್ನು ಕಿತ್ತು ಹೆಡ್‌ಮಾಸ್ಟರ ಕೈಗೇ ಕೊಡುತ್ತಿದ್ದರು.

ಪಕ್ಕದ ಮನೆಯವರು ಅಂತ ನನ್ನನ್ನೂ ಎರಡು ಮಾತಾಡಿ ಅಂದರು. ಮಾತಾಡಿದೆ. ಒಳ್ಳೆಯವರು, ಗಿಡ ಬೆಳೆಸುತ್ತಿದ್ದರು ಅಂತ ಹೇಳಿ ಕೆಳಗೆ ಬಂದು ಚಹಾ ಕುಡಿದೆ. ಹೇಳಬೇಕಾದ್ದು ಬೇರೆ ಇತ್ತು. ಅವರ ಮನೆ ಮುಂದೆ ಒಂದು ಎಕ್ಕದ ಗಿಡ ಇತ್ತು, ಅವರು ಜೀವ ಇಟ್ಟುಕೊಂಡು ಬೆಳೆಸಿದ್ದು. ಅದು ಹೋದದ್ದು ನನ್ನಿಂದ. ಗಿಡದ ಜೊತೆಗೆ ಇನ್ನೊಂದು ಹೋಯಿತು, ಅದನ್ನು ಕೊನೆಗೆ ಹೇಳುತ್ತೇನೆ.

ಮೊದಲು ನನ್ನ ಪರಿಚಯ. ನಾವು ಕುರ್ಡಿ ಕಡೆಯವರು, ರಾಯಚೂರಿಗೆ ಬಂದು ರೈಸ್ ಮಿಲ್ಲು ಹಾಕಿದವರು. ಮಿಲ್ಲನ್ನು ನನ್ನ ತಮ್ಮಂದಿರು ನಡೆಸುತ್ತಾರೆ. ನಾನು ಅಲ್ಲಿ ಒಂದು ಖುರ್ಚಿ ಹಿಡಿದು ಕೂತು ಸಲಹೆ ಕೊಡುತ್ತೇನೆ, ಅವರು ಕೇಳುವುದಿಲ್ಲ. ಬೆಳಿಗ್ಗೆ ಸ್ನಾನ, ವಿಭೂತಿ, ಲಿಂಗಪೂಜೆ, ಆಮೇಲೆ ಉಪ್ಪಿಟ್ಟು. ಇದರ ನಡುವೆ ಒಂದು ಕಸುಬಿದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಇಡೀ ಬಡಾವಣೆಗೆ ಗೊತ್ತು. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ ಹಿಡಿದು ವಾಕಿಂಗ್ ಹೋಗುತ್ತಾ, ಕಂಪೌಂಡಿನಿಂದ ಹೊರಗೆ ಚಾಚಿದ ದಾಸವಾಳ, ಕಣಗಿಲೆ, ನಂದಿಬಟ್ಟಲನ್ನೆಲ್ಲ ಪೂಜೆಗೆ ಎತ್ತುವುದು. ಚಾಚಿರದಿದ್ದರೆ ಚಾಚುವಂತೆ ಎಳೆಯುವುದು. ದೇವರಿಗೆ ಒಯ್ದರೆ ಅದು ಕಳವಲ್ಲ ಅಂತ ನಮ್ಮ ಬಡಾವಣೆಯ ಅರವತ್ತು ದಾಟಿದ ಗಂಡಸರೆಲ್ಲ ಮಾತಾಡಿಕೊಳ್ಳದೆಯೇ ಒಪ್ಪಿಕೊಂಡಿದ್ದೇವೆ.

ಟೀಚರು ಯರಗೇರಾ ರಸ್ತೆಯ ನಮ್ಮ ಬಡಾವಣೆಗೆ ಬಂದದ್ದು ಹತ್ತು ವರ್ಷದ ಹಿಂದೆ. ದೇವದುರ್ಗದ ಹತ್ತಿರದ ಹಳ್ಳಿಯವರು. ತಂದೆ ತಾಯಿ ಕೂಲಿ ಮಾಡಿ ಓದಿಸಿದ್ದರು. ಮನೆಯಲ್ಲಿ ಬುದ್ಧನ ಒಂದು ಫೋಟೊ ಬಿಟ್ಟರೆ ಬೇರೆ ದೇವರಿರಲಿಲ್ಲ, ಬುದ್ಧನಿಗೂ ಹೂ ಏರಿಸುವ ಪದ್ಧತಿ ಇರಲಿಲ್ಲ. ಮದುವೆಯಾಗಿರಲಿಲ್ಲ. ಯಾಕೆ ಅಂತ ಕೇಳಿದವರಿಗೆ, "ಟೈಮೇ ಸಿಗಲಿಲ್ರಿ, ಟ್ರಾನ್ಸ್‌ಫರ್ ಭಾಳ ಆದ್ವು" ಅನ್ನುತ್ತಿದ್ದರು. ಗಿಡ್ಡ ಆಳು, ದೊಡ್ಡ ಹೆಜ್ಜೆ. ಏನನ್ನಾದರೂ ಹತ್ತಿರದಿಂದ ನೋಡಬೇಕಾದರೆ ಕನ್ನಡಕವನ್ನು ಹಣೆಗೆ ಏರಿಸಿ, ಮೂಗು ತಾಗುವಷ್ಟು ಬಗ್ಗುತ್ತಿದ್ದರು. ಹಾಗೆ ನೋಡಿದ್ದು ಹುಳವನ್ನು, ಕಾಳನ್ನು, ಒಮ್ಮೊಮ್ಮೆ ಎದುರಿಗೆ ನಿಂತ ಮನುಷ್ಯನನ್ನೂ. ನನ್ನ ಹಣೆಯ ವಿಭೂತಿಯನ್ನೇ ಒಮ್ಮೆ ಹಾಗೆ ನೋಡಿ, "ಮೂರು ಗೆರಿ ಬರೋಬ್ಬರಿ ಬರ್ತಾವಲ್ರಿ ಅಣ್ಣಾರ, ಸ್ಕೇಲ್ ಇಟ್ಕೊಂಡು ಹಚ್ಕೋತೀರೇನು?" ಅಂದಿದ್ದರು. ಮೃದುಭಾಷಿ ಅಂದರಲ್ಲ, ಇದೇ ಅದು.

ಮನೆ ಕಟ್ಟಿ ಮುಗಿದ ಮೇಲೆ ಎಲ್ಲರೂ ತೆಂಗೋ ಪಾರಿಜಾತವೋ ತುಳಸಿಯೋ ನೆಡುತ್ತಾರೆ. ಇವರು ಗೇಟಿನ ಪಕ್ಕ, ನಮ್ಮ ಕಂಪೌಂಡಿಗೆ ಹೊಂದಿಕೊಂಡ ಮೂಲೆಯಲ್ಲಿ, ಒಂದು ಎಕ್ಕದ ಕಡ್ಡಿ ಊರಿದರು. ಬಿಳಿ ಎಕ್ಕವಾದರೂ ಆಗಿದ್ದರೆ ಗಣಪತಿಯ ಹೆಸರು ಹೇಳಿ ಸುಮ್ಮನಿರಬಹುದಿತ್ತು. ಇದು ಸುಡುಗಾಡಿನ ದಾರಿಯಲ್ಲಿ, ಬಿದ್ದ ಗೋಡೆಗಳ ಸಂದಿಯಲ್ಲಿ ತಾನಾಗಿ ಎದ್ದು ನಿಲ್ಲುವ ನೇರಳೆ ಹೂವಿನ ಎಕ್ಕ. ನಮ್ಮ ಕಡೆ ಒಬ್ಬರ ಮೇಲೆ ತೀರಾ ಸಿಟ್ಟು ಬಂದರೆ ನಿನ್ನ ಮನೆಯಲ್ಲಿ ಎಕ್ಕ ಹುಟ್ಟಲಿ ಅಂತ ಶಾಪ ಹಾಕುತ್ತಾರೆ. ನನ್ನ ಹೆಂಡತಿ ಹಾಲಿನವನಿಗೆ ವಾರಕ್ಕೊಮ್ಮೆಯಾದರೂ ಹಾಕುತ್ತಾಳೆ. ಆ ಶಾಪವನ್ನು ಈ ಹೆಣ್ಣುಮಗಳು ಹೊಸ ಮನೆಯ ಬಾಗಿಲಲ್ಲಿ ತಾನೇ ಗುಂಡಿ ತೋಡಿ ನೆಟ್ಟರೆ ಪಕ್ಕದವರ ಗತಿ ಏನು? ಹೆಂಡತಿಯ ಒತ್ತಾಯಕ್ಕೆ ನಾನೇ ಹೋಗಿ ವಿಷಯ ತೆಗೆದೆ.

"ಟೀಚರ್ರೀ, ಇದನ್ನ ಮನಿ ಮುಂದ ಹಚ್ಚಬಾರದು ಅಂತಾರಲ್ರಿ. ಮನಿ ಹಾಳಾಗ್ತದಂತ."

"ನಮ್ಮವ್ವಗೂ ಊರ ಮಂದಿ ಹಂಗಾ ಅಂತಿದ್ರು ರೀ, ನಿನ್ನ ಮನಿಯಾಗ ಎಕ್ಕ ಹುಟ್ಟಲಿ ಅಂತ," ಅಂದರು ಟೀಚರು, ಕೈಯ ಮಣ್ಣು ಝಾಡಿಸುತ್ತ. "ನಮ್ಮವ್ವ, 'ಮೊದ್ಲಾ ಹುಟ್ಟ್ಯಾದ ರೀ, ಬ್ಯಾರೆ ಏನಾರ ಅನ್ರಿ' ಅಂತಿದ್ಲು. ನಮ್ಮ ಮನಿ ಗ್ವಾಡಿಯಾಗ ಎರಡು ಎಕ್ಕ ಇದ್ವು. ನಾ ಅವುಗಳ ನೆರಳಿನಾಗ ಕುಂತು ಓದೀನಿ. ಮನಿ ಹಾಳಾಗಲಿಲ್ಲ, ನೋಡ್ರಿ, ಸ್ಲ್ಯಾಬ್ ಮನಿ ಆತು."

ನಾನು ಮನೆಗೆ ಬಂದೆ. ಹೆಂಡತಿ ಕೇಳಿದಾಗ, ಟೀಚರು ವಿಚಾರ ಮಾಡುತ್ತೇನೆ ಅಂದಿದ್ದಾರೆ ಅಂತ ಸುಳ್ಳು ಹೇಳಿದೆ.

ಎಕ್ಕ ಎರಡು ವರ್ಷದಲ್ಲಿ ನನ್ನ ಭುಜದ ಮಟ್ಟಕ್ಕೆ ಬಂತು. ಗೊಬ್ಬರ ಇಲ್ಲ, ನೀರಿಲ್ಲ, ನಮ್ಮ ರಾಯಚೂರಿನ ಏಪ್ರಿಲ್ ಬಿಸಿಲಿಗೆ ನನ್ನ ಗುಲಾಬಿಗಳೆಲ್ಲ ತಲೆ ಬಾಗಿಸಿದಾಗ ಅದು ಮಾತ್ರ ಗೊಂಚಲು ಗೊಂಚಲು ಹೂ ಬಿಟ್ಟು ನಿಂತಿತ್ತು. ಗೊಂಚಲಿಗೆ ಕಪ್ಪು ದುಂಬಿಗಳು ಡೊಳ್ಳಿನ ಹಾಗೆ ಸದ್ದು ಮಾಡುತ್ತಾ ಬರುತ್ತಿದ್ದವು. ಕಾಯಿ ಒಡೆದಾಗ ಒಳಗಿನ ಹತ್ತಿಯನ್ನು ಸೂರಕ್ಕಿಗಳು ಗೂಡಿಗೆ ಒಯ್ಯುತ್ತಿದ್ದವು. ಇದನ್ನೆಲ್ಲ ನಾನು ನೋಡುತ್ತಿದ್ದದ್ದು ಸೌಂದರ್ಯ ಪ್ರಜ್ಞೆಯಿಂದಲ್ಲ. ಎಕ್ಕದ ಹೂ ಶಿವನಿಗೆ ಇಷ್ಟ, ಹನುಮಂತನಿಗೂ ನಡೆಯುತ್ತದೆ. ಒಂದು ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಚೀಲ ಹಿಡಿದು ಆ ಮೂಲೆಗೆ ಹೋದೆ. ಮೂರನೇ ಗೊಂಚಲಿಗೆ ಕೈ ಹಾಕಿದ್ದೆ, ಹಿಂದಿನಿಂದ ದನಿ ಬಂತು.

"ಯಾವ ದೇವ್ರಿಗೆ ರೀ ಅಣ್ಣಾರ?"

"ಶಿವನಿಗೆ ರೀ. ಸೋಮವಾರ ಅಲ್ಲೇನ್ರಿ."

"ನಿಮ್ಮ ಶಿವ ಸುಡಗಾಡದಾಗಾ ಇರ್ತಾನಂತಲ್ರಿ. ಅಲ್ಲಿ ಬೇಕಾದಷ್ಟು ಎಕ್ಕ ಇರ್ತಾವ, ಕೈ ಚಾಚಿದ್ರ ಸಿಗ್ತಾವ. ನನ್ನ ಮನಿ ತನಕಾ ಯಾಕ ಬಂದ?"

ನಾನು ಚೀಲವನ್ನು ಬೆನ್ನ ಹಿಂದೆ ಸರಿಸಿದೆ. ಅವರು ಬೈಯಲಿಲ್ಲ. ಹತ್ತಿರ ಬಂದು, ನಾನು ಹಿಡಿದಿದ್ದ ಕೊಂಬೆಯ ಒಂದು ಎಲೆಯನ್ನು ಮೆಲ್ಲಗೆ ಹೊರಳಿಸಿ ತೋರಿಸಿದರು. ಎಲೆಯ ಅಡಿಯಲ್ಲಿ ಕಪ್ಪು, ಬಿಳಿ, ಹಳದಿ ಪಟ್ಟೆಯ ಒಂದು ಹುಳ. ತಲೆಯ ಹತ್ತಿರ ಎರಡು ಕೋಡು, ಬೆನ್ನಿಗೆ ಎರಡು, ಬಾಲಕ್ಕೆ ಎರಡು. ಎಲೆಯ ನರವನ್ನು ಮೊದಲು ಕಡಿದು, ಹಾಲು ಸೋರಿ ಹೋಗುವ ತನಕ ಕಾದು, ಆಮೇಲೆ ತಿನ್ನಲು ಶುರು ಮಾಡುತ್ತದಂತೆ. ಇದೇ ಮುಂದೆ ಕಿತ್ತಳೆ ಬಣ್ಣದ ಚಿಟ್ಟೆಯಾಗುತ್ತದೆ. ಎಕ್ಕ ಮತ್ತು ಅದರ ಬಳಗದ ಹಾಲುಗಿಡಗಳನ್ನು ಬಿಟ್ಟು ಬೇರೆ ಎಲೆಯನ್ನು ಮುಟ್ಟುವುದಿಲ್ಲ.

"ಬಡಾವಣಿ ಹಾಕೂಮುಂದ ಇಲ್ಲಿಯ ಎಕ್ಕ ಎಲ್ಲಾ ಜೆಸಿಬಿ ಹಚ್ಚಿ ಕಿತ್ತಾರ," ಅಂದರು. "ನಾವು ಮನಿ ಕಟ್ಟಿಸಿಕೊಂಡ್ವಿ. ಇವು ಎಲ್ಲಿಗೆ ಹೋಗಬೇಕು? ಅದಕ್ಕ ಒಂದು ಮನಿ ಬಿಟ್ಟುಕೊಟ್ಟೀನಿ, ಅಷ್ಟಾ."

ಆಮೇಲೆ ಕರಾರು ಹಾಕಿದರು. ಒಂದು ಗೊಂಚಲಿಗೆ ಎರಡೇ ಹೂ. ಹರಿಯುವ ಮೊದಲು ಎಲೆ ಹೊರಳಿಸಿ ನೋಡಬೇಕು. ಮೊಟ್ಟೆ ಎಷ್ಟು, ಹುಳ ಎಷ್ಟು, ತಮಗೆ ಹೇಳಬೇಕು, ಯಾಕೆಂದರೆ ಮಾನ್ವಿ ಬಸ್ಸಿನ ಗಡಿಬಿಡಿಯಲ್ಲಿ ತಮಗೆ ಹೊತ್ತು ಸಿಗುವುದಿಲ್ಲ. ಎಕ್ಕದ ಹಾಲು ಕಣ್ಣಿಗೆ ತಾಗಿದರೆ ಕಣ್ಣು ಹೋಗುತ್ತದೆ, ಕೈ ತೊಳೆಯದೆ ಮುಖ ಮುಟ್ಟಬಾರದು. ಕಳ್ಳನನ್ನು ಹಿಡಿದು ಪೊಲೀಸರಿಗೆ ಕೊಡುವ ಬದಲು ನೌಕರಿಗೆ ಇಟ್ಟುಕೊಂಡರು.

ಹೀಗೆ ನಾಲ್ಕು ವರ್ಷ ನಾನು ದುಡಿದೆ. ಬೆಳಿಗ್ಗೆ ಎದ್ದು ಎಕ್ಕದ ಎಲೆಗಳ ಅಡಿ ನೋಡಿ, ಕಂಪೌಂಡಿನ ಮೇಲಿಂದ "ಟೀಚರ್ರೀ, ಇವತ್ತ ಎಂಟು ಮೊಟ್ಟಿ, ಮೂರು ಹುಳ" ಅಂತ ಕೂಗುತ್ತಿದ್ದೆ. ಒಳಗಿನಿಂದ "ನಿನ್ನಿ ಐದು ಹುಳ ಇದ್ವಲ್ರಿ, ಎರಡು ಎಲ್ಲಿ?" ಅಂತ ತಿರುಗು ಪ್ರಶ್ನೆ. ಮತ್ತೆ ಹೋಗಿ ಹುಡುಕಬೇಕು. ವಿಭೂತಿ ಹಚ್ಚಿಕೊಂಡ ಮನುಷ್ಯ ದಿನಾ ಮುಂಜಾನೆ ಮೊಟ್ಟೆ ಮೊಟ್ಟೆ ಅಂತ ಕೂಗುವುದನ್ನು ಕೇಳಿ ಎದುರು ಮನೆಯವರು ನನ್ನ ಹೆಂಡತಿಯ ಹತ್ತಿರ, ಡಾಕ್ಟರು ತಿನ್ನಲು ಹೇಳಿದ್ದಾರೇನು ಅಂತ ವಿಚಾರಿಸಿದರಂತೆ. ಪೂಜೆ ಅರ್ಧ ತಾಸು ತಡವಾಗತೊಡಗಿತು. ಲಿಂಗದ ಮುಂದೆ ಕಣ್ಣು ಮುಚ್ಚಿದರೆ ಪಟ್ಟೆ ಹುಳ ಕಾಣುತ್ತಿತ್ತು. ಇದನ್ನು ಟೀಚರಿಗೆ ಹೇಳಿದಾಗ ಅವರು ನಗುತ್ತಾ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅವರ ನಗು ಸಣ್ಣದಲ್ಲ, ಬೀದಿಯ ನಾಯಿ ಎದ್ದು ನಿಲ್ಲುತ್ತಿತ್ತು.

ಶಾಲೆಗೂ ಹುಳ ಒಯ್ಯುತ್ತಿದ್ದರು. ಊಟದ ಡಬ್ಬಿಯ ಮೇಲಿನ ಖಾನೆಯಲ್ಲಿ ಎಕ್ಕದ ಎಲೆ ಹಾಸಿ, ಎರಡು ಹುಳ ಇಟ್ಟು, ಮುಚ್ಚಳಕ್ಕೆ ತೂತು ಹೊಡೆದಿದ್ದರು. ಕೆಳಗಿನ ಖಾನೆಯಲ್ಲಿ ರೊಟ್ಟಿ, ಪುಂಡಿ ಪಲ್ಯ. ಒಂದು ದಿನ ಬಸ್ಸಿನ ನೂಕಾಟಕ್ಕೆ ಡಬ್ಬಿ ಬಿದ್ದು ಮುಚ್ಚಳ ಹಾರಿತು. ಗದ್ದಲವೋ ಗದ್ದಲ. ಕಂಡಕ್ಟರ್ ಬಂದು, "ಏನ್ರಿ ಮೇಡಂ ಇದು, ಇವಕ್ಕೂ ಟಿಕೆಟ್ ತಗಸ್ತೀರೇನು?" ಅಂದನಂತೆ. "ಐದು ವರ್ಷದ ಒಳಗಿನವು ಅದಾವಪ್ಪ, ಫುಕಟ್" ಅಂದರಂತೆ ಇವರು, ಸೀಟಿನ ಕೆಳಗೆ ಹುಳ ಹುಡುಕುತ್ತ. ಒಂದು ಸಿಕ್ಕಿತು. ಇನ್ನೊಂದು ಮಾನ್ವಿಯಲ್ಲಿ ಯಾರದೋ ಅಂಗಿಯ ಮೇಲೆ ಕೂತು ಇಳಿದು ಹೋಗಿರಬೇಕು ಅಂತ ಅವರಿಗೆ ಬಹಳ ದಿನ ಚಿಂತೆ. ಅಲ್ಲಿ ಇಳಿದವರ ಮನೆಯಲ್ಲಿ ಎಕ್ಕ ಇರಬೇಕಲ್ಲ.

ಅವರಿಂದ ಗಿಡ ಬೆಳೆಸುವ ವಿದ್ಯೆ ಕಲಿತೆ ಅಂದರೆ ಸುಳ್ಳಾಗುತ್ತದೆ. ಅವರ ವಿದ್ಯೆಯೆಲ್ಲ ಏನು ಮಾಡಬಾರದು ಅನ್ನುವುದರಲ್ಲೇ ಇತ್ತು. ನೀರು ಹಾಕಬೇಡಿ, ಗೊಬ್ಬರ ಸುರಿಯಬೇಡಿ, ಔಷಧಿ ಹೊಡೆಯಬೇಡಿ, ತಿಂದ ಎಲೆ ಕೀಳಬೇಡಿ. ಎಲೆಗಳು ತೂತು ಬಿದ್ದು ಜಾಳಿಗೆಯಾದಾಗ ನಾನು ಅಯ್ಯೋ ಅಂದರೆ, "ಹೋಟೆಲ್ ಚೊಲೋ ನಡದೈತಿ ಅಂತ ಅರ್ಥ ರೀ" ಅನ್ನುತ್ತಿದ್ದರು. ವರ್ಷಕ್ಕೊಮ್ಮೆ ಬೇಸಿಗೆಯ ಕೊನೆಗೆ, ಎಲೆಯಲ್ಲಿ ಹುಳ ಇಲ್ಲದ ವಾರ ನೋಡಿ, ಅರ್ಧ ಕೊಂಬೆಗಳನ್ನು ಮೊಣಕಾಲ ಮಟ್ಟಕ್ಕೆ ಕಡಿಯುತ್ತಿದ್ದರು, ಮಳೆಗೆ ಎಳೆ ಎಲೆ ಬರಲಿ ಅಂತ. ಅಷ್ಟೇ ಅವರ ತೋಟಗಾರಿಕೆ.

ಈಗ ನನ್ನ ಘನಕಾರ್ಯಕ್ಕೆ ಬರುತ್ತೇನೆ.

ನನ್ನ ಮಗಳನ್ನು ನೋಡಲು ಮಾನ್ವಿಯಿಂದ ಒಂದು ಬೀಗತನ ಬರುವುದಿತ್ತು. ಒಳ್ಳೆಯ ಮನೆತನ, ಹುಡುಗನೂ ಮಗಳಿಗೆ ಒಪ್ಪಿಗೆಯಾಗಿದ್ದ. ಹಿರಿಯರು ಬಂದು ನೋಡಿ ಹೂಂ ಅನ್ನುವುದಷ್ಟೇ ಬಾಕಿ. ಹುಡುಗನ ಸೋದರಮಾವ ಶಕುನ ಅಪಶಕುನ ಬಹಳ ನೋಡುವ ಮನುಷ್ಯ ಅಂತ ಸುದ್ದಿ ಬಂತು. ನಮ್ಮ ಗೇಟಿಗೆ ಬರುವವರಿಗೆ ಮೊದಲು ಕಾಣುವುದೇ ಆ ಎಕ್ಕ. ಹೆಂಡತಿ ಊಟ ಬಿಟ್ಟಳು, ಅಂದರೆ ನನಗೆ ಬಡಿಸುವುದನ್ನು ಬಿಟ್ಟಳು. ಗಿಡ ಹೋಗಬೇಕು, ಇಲ್ಲವೇ ನೀವು ಹೋಗಬೇಕು ಅಂದಳು. ನಾನು ಟೀಚರ ಮುಂದೆ ಹೋಗಿ ನಿಂತೆ.

ಟೀಚರು ನನ್ನನ್ನು ಗಿಡದ ಹತ್ತಿರ ಕರೆದೊಯ್ದರು. ಎಲೆಗಳ ಅಡಿಯಲ್ಲಿ ಆರು ಗೂಡು ನೇತಾಡುತ್ತಿದ್ದವು, ತಿಳಿ ಹಸಿರು, ಮೇಲೆ ಬಂಗಾರದ ಚುಕ್ಕೆ. ಹುಳಗಳು ಎಲೆ ತಿನ್ನುವುದು ಮುಗಿಸಿ ಒಳಗೆ ಮಲಗಿದ್ದವು.

"ಹುಡುಗಿ ಲಗ್ನದ ಮಾತು ಅದ, ನಾ ಇಲ್ಲ ಅನ್ನೂದಿಲ್ಲ," ಅಂದರು. "ಒಂದು ವಾರ ತಡೀರಿ. ಇವು ಹಾರಿ ಹೋಗಲಿ. ಆಮ್ಯಾಲ ನಾನಾ ಕುಡಗೋಲು ಕೊಡ್ತೀನಿ, ಪೂರಾ ಕಡೀರಿ. ಬೇರಿದ್ರ ಮತ್ತ ಚಿಗಿತೈತಿ."

"ಅವ್ರು ಇದಾ ಆಯ್ತವಾರ ಬರ್ತಾರ ರೀ."

"ಹಂಗಾರ ಕಡೀಬ್ಯಾಡ್ರಿ. ಮಾತು ಕೊಡ್ರಿ. ನಾ ಶನಿವಾರ ದೇವದುರ್ಗಕ್ಕ ತಂಗಿ ಮನಿಗೆ ಹೊಂಟೀನಿ."

ಮಾತು ಕೊಟ್ಟೆ. ಮಾತು ಉಳಿಸಿಕೊಂಡೆ ಕೂಡ, ಗಿಡವನ್ನು ಕಡಿಯಲಿಲ್ಲ. ಭಾನುವಾರ ಬೆಳಿಗ್ಗೆ ಟೀಚರ ಗೇಟು ತೆರೆದು ಎಕ್ಕದ ಬುಡಕ್ಕೆ ನಾಲ್ಕು ಇಟ್ಟಿಗೆಯ ಕಟ್ಟೆ ಮಾಡಿದೆ. ಮೇಲೆ ಒಂದು ದುಂಡನೆಯ ಕಲ್ಲು ಇಟ್ಟೆ. ಕಲ್ಲಿಗೆ ಮೂರು ಗೆರೆ ವಿಭೂತಿ, ನಡುವೆ ಕುಂಕುಮ, ಕೊಂಬೆಗೆ ಒಂದು ಚೆಂಡುಹೂವಿನ ಮಾಲೆ, ಕಾಂಡಕ್ಕೆ ಕೆಂಪು ಬಟ್ಟೆ. ಅಪಶಕುನ ಅರ್ಧ ತಾಸಿನಲ್ಲಿ ದೇವಸ್ಥಾನವಾಯಿತು. ನನ್ನ ಜಾಣತನಕ್ಕೆ ನಾನೇ ಮರುಳಾಗಿ ಸ್ವಲ್ಪ ಹೊತ್ತು ನಿಂತು ನೋಡಿದೆ.

ಬೀಗರು ಬಂದರು. ಸೋದರಮಾವ ಕಾರಿನಿಂದ ಇಳಿದವರೇ ಚಪ್ಪಲಿ ಬಿಟ್ಟು ಕೈ ಮುಗಿದರು.

"ಇದು ಏನ್ ಸ್ಥಾನ ರೀ?"

"ಭಾಳ ಹಳೇದು ರೀ," ಅಂದೆ. ಆ ಬಡಾವಣೆಗೇ ಆಗ ಎಂಟು ವರ್ಷ ತುಂಬಿರಲಿಲ್ಲ. ನನ್ನ ಹೆಂಡತಿ ಅಷ್ಟಕ್ಕೆ ಬಿಡಲಿಲ್ಲ. "ಬೇಡಿಕೊಂಡದ್ದು ಆಗ್ತದ ರೀ" ಅಂತ ಸೇರಿಸಿದಳು. ಒಂದು ವಾರದಿಂದ ಆ ಗಿಡಕ್ಕೆ ಹಿಡಿಶಾಪ ಹಾಕಿದವಳು. ಹುಡುಗನ ದೊಡ್ಡಮ್ಮ ಅಲ್ಲೇ ನಿಂತು ತಮ್ಮ ಮೊಣಕಾಲ ನೋವಿಗೆ ಬೇಡಿಕೊಂಡರು. ಮದುವೆ ನಿಶ್ಚಯವಾಯಿತು. ಆ ದೊಡ್ಡಮ್ಮನ ನೋವು ಮಾರನೇ ದಿನವೇ ಕಡಿಮೆಯಾಯಿತಂತೆ. ಮಾತ್ರೆ ಬದಲಿಸಿದ್ದರೋ ಏನೋ. ಅವರು ಫೋನ್ ಮೇಲೆ ಫೋನ್ ಮಾಡಿ ನೆಂಟರಿಗೆಲ್ಲ ಹೇಳಿದರು. ಆ ನೆಂಟರಲ್ಲಿ ಇಬ್ಬರು ನಮ್ಮ ಹಿಂದಿನ ಓಣಿಯಲ್ಲೇ ಇದ್ದರು.

ಭಾನುವಾರ ಸಂಜೆಯೇ ಕಲ್ಲು ತೆಗೆದುಬಿಡಬೇಕು ಅಂತ ನಾನು ಅಂದುಕೊಂಡಿದ್ದೆ. ದೇವರು ಅಂತ ಕೈ ಮುಗಿಸಿಕೊಂಡ ಕಲ್ಲನ್ನು ಎತ್ತಲು ಕೈ ಬರಲಿಲ್ಲ. ಇದು ನಮ್ಮಂಥವರ ರೋಗ, ನಾವೇ ಇಟ್ಟ ಕಲ್ಲಿಗೆ ನಾವೇ ಮೊದಲು ಹೆದರುತ್ತೇವೆ. ನಾಳೆ ನಾಳೆ ಅಂದೆ. ಟೀಚರಿಗೆ ತಂಗಿಯ ಮನೆಯಲ್ಲಿ ಜ್ವರ ಬಂದು ಬುಧವಾರದ ತನಕ ಬರಲಾಗಲಿಲ್ಲ. ಅಷ್ಟರಲ್ಲಿ ಗುಂಜಹಳ್ಳಿಯಿಂದಲೂ ಒಂದು ಕುಟುಂಬ ಆಟೊ ಮಾಡಿಕೊಂಡು ಬಂದು ಕಾಯಿ ಒಡೆದು ಹೋಗಿತ್ತು. ಕಲ್ಲಿನ ಮೇಲೆ ಹಾಲು, ಎಲೆಗಳ ಮೇಲೆ ಕುಂಕುಮ, ಬುಡದಲ್ಲಿ ಊದಿನಕಡ್ಡಿಯ ಹೊಗೆ. ಬಂದವರೆಲ್ಲ ಪ್ರಸಾದ ಅಂತ ಒಂದೊಂದು ಎಲೆ ಕಿತ್ತುಕೊಂಡು ಹೋಗುತ್ತಿದ್ದರು. ನಾಲ್ಕು ಗೂಡು ಎಲೆಯ ಜೊತೆಗೇ ಯಾರದೋ ದೇವರ ಮನೆ ಸೇರಿದ್ದವು. ಕೊಡಲಿಯಿಂದ ಉಳಿಸಿದ ಗಿಡವನ್ನು ನಾನು ಭಕ್ತಿಯಿಂದ ಕೊಂದಿದ್ದೆ.

ಬುಧವಾರ ಬೆಳಿಗ್ಗೆ ಟೀಚರು ಬಸ್ಸಿಳಿದು ಬಂದಾಗ ನಾನು ನನ್ನ ಗೇಟಿನ ಹತ್ತಿರ ನಿಂತಿದ್ದೆ. ಅವರು ಗಿಡ ನೋಡಿದರು, ನನ್ನನ್ನು ನೋಡಿದರು. ಬ್ಯಾಗನ್ನು ಮೆಟ್ಟಿಲ ಮೇಲಿಟ್ಟು ಒಳಗೆ ಹೋಗಿ ಒಂದು ಬಕೆಟ್ ನೀರು ತಂದರು. ಎಲೆಗಳಿಗೆ ಮೆತ್ತಿದ ಹಾಲು ಕುಂಕುಮ ತೊಳೆಯಲು ಇರಬೇಕು. ಕಟ್ಟೆಯ ಹತ್ತಿರ ಹಿಂದಿನ ಓಣಿಯ ಹೆಣ್ಣುಮಗಳೊಬ್ಬಳು ದೀಪ ಹಚ್ಚುತ್ತಿದ್ದಳು. ಟೀಚರು ಯಾರು, ಯಾವ ಊರಿನ ಯಾವ ಕೇರಿಯವರು ಅಂತ ಅವಳಿಗೆ ಗೊತ್ತಿತ್ತು. ನಮ್ಮ ಕಡೆ ಅದು ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಬಕೆಟ್ ಹಿಡಿದು ಬಂದವರನ್ನು ನೋಡಿ ಅವಳು ಸೆರಗು ಸರಿ ಮಾಡಿಕೊಂಡಳು.

"ಟೀಚರ್ರೀ, ನೀವು ಸ್ವಲ್ಪ ದೂರ ನಿಲ್ರಿ. ಮಡೀಲೆ ಪೂಜಾ ಮಾಡಾಕತ್ತೀನಿ. ನೀವು ಗಿಡ ಮುಟ್ಟಬ್ಯಾಡ್ರಿ."

ಅವರ ಗೇಟಿನೊಳಗೆ, ಅವರ ಮಣ್ಣಿನಲ್ಲಿ, ಅವರು ನೆಟ್ಟ ಗಿಡದ ಮುಂದೆ ಆಡಿದ ಮಾತು ಇದು. ಬೀದಿಯಲ್ಲಿ ಬೇರೆ ಸದ್ದೇನೂ ಇರಲಿಲ್ಲ. ಟೀಚರು ಅವಳನ್ನು ನೋಡಲಿಲ್ಲ, ಕಂಪೌಂಡಿನ ಮೇಲಿಂದ ನನ್ನನ್ನು ನೋಡಿದರು. ಅದು ದೇವರಲ್ಲ, ನಾನಿಟ್ಟ ಕಲ್ಲು ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು. ಮಗಳ ಮದುವೆ ನೆನಪಾಯಿತು, ಸೋದರಮಾವ ನೆನಪಾದರು. ನಾನು ಬಗ್ಗಿ ಗೇಟಿನ ಚಿಲಕ ಸರಿ ಮಾಡುವವನ ಹಾಗೆ ನಿಂತೆ. ಚಿಲಕ ಸರಿಯಾಗಿಯೇ ಇತ್ತು.

ಟೀಚರು ಆ ಹೆಣ್ಣುಮಗಳ ಪೂಜೆ ಮುಗಿಯುವ ತನಕ ಬಕೆಟ್ ಹಿಡಿದು ನಿಂತೇ ಇದ್ದರು. ಅವಳು ಹೋದ ಮೇಲೆ ಉಳಿದ ಎರಡು ಗೂಡುಗಳನ್ನು ಎಲೆ ಸಮೇತ ಕತ್ತರಿಸಿ ಒಳಗೊಯ್ದು ಕಿಟಕಿಯ ಪರದೆಗೆ ದಾರದಿಂದ ಕಟ್ಟಿದರು. ಆಮೇಲೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಹಾರೆ ತಂದರು. ಮಟಮಟ ಮಧ್ಯಾಹ್ನದ ತನಕ ಅಗೆದರು. ಓಣಿಯ ಅರ್ಧ ಜನ ಬಂದು ನಿಂತರು. ಕಣ್ಣು ಹೋಗುತ್ತವೆ, ಕೈ ಬೀಳುತ್ತದೆ ಅಂತ ಪಿಸುಗುಟ್ಟಿದರು, ಯಾರೂ ಹತ್ತಿರ ಹೋಗಲಿಲ್ಲ. "ಕಣ್ಣಿಗೆ ಹಾಲು ಬಿದ್ರ ಹೋಗ್ತಾವ ರೀ, ಅದಕ್ಕಾ ಚಸ್ಮಾ ಹಾಕ್ಕೊಂಡೀನಿ" ಅಂದರು ಟೀಚರು, ತಲೆ ಎತ್ತದೆ. ಗಿಡ ಬೇರು ಸಮೇತ ಬಂತು. ಕಲ್ಲನ್ನು ಎತ್ತಿ ತಂದು ನನ್ನ ಕಂಪೌಂಡಿನ ಮೇಲೆ ಇಟ್ಟರು.

"ಅಣ್ಣಾರ, ನಿಮ್ಮ ಸಾಮಾನು."

ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ನನ್ನ ಹತ್ತಿರ ಉತ್ತರ ತಯಾರಿತ್ತು.

ಪರದೆಯ ಮೇಲಿನ ಎರಡು ಗೂಡುಗಳಲ್ಲಿ ಒಂದು ಒಣಗಿತು, ಇನ್ನೊಂದರಿಂದ ಚಿಟ್ಟೆ ಬಂತು ಅಂತ ನನ್ನ ಮಗಳು ಹೇಳಿದಳು. ಅವಳು ಆ ಮನೆಗೆ ಹೋಗಿ ಬಂದು ಮಾಡುತ್ತಿದ್ದಳು. ಮಗಳ ಮದುವೆಗೆ ಟೀಚರು ಬಂದರು, ಅಕ್ಕಿಕಾಳು ಹಾಕಿದರು, ಹೋಳಿಗೆ ಎರಡು ಸಲ ಬಡಿಸಿಕೊಂಡರು. ಮುಂದಿನ ಮಳೆಗಾಲಕ್ಕೆ ಹಿತ್ತಲಲ್ಲಿ ಬೇರೆ ಎಕ್ಕ ನೆಟ್ಟರು, ಜೊತೆಗೆ ಹಳದಿ ಹೂವಿನ ತಂಗಡಿ ಗಿಡ ಮೂರು. ಹಿತ್ತಲಿಗೆ ಎತ್ತರದ ಗೋಡೆ, ಬಾಗಿಲು ಮನೆಯ ಒಳಗಿನಿಂದ ಮಾತ್ರ. ನಾನು ಮತ್ತೆ ದಾಸವಾಳ, ಕಣಗಿಲೆಯ ಬೀದಿಗೆ ಮರಳಿದೆ. ಎಲೆಯ ಅಡಿ ನೋಡುವ ಚಟ ಮಾತ್ರ ಹೋಗಲಿಲ್ಲ. ಜನರ ಕಂಪೌಂಡಿನ ಮುಂದೆ ಎಲೆ ಹೊರಳಿಸುತ್ತಾ ನಿಂತು ಎರಡು ಸಲ ಸಿಕ್ಕಿಬಿದ್ದೆ.

ಎರಡು ವರ್ಷದ ಹಿಂದೆ ಅವರು ರಿಟೈರ್ ಆದ ದಿನ ಸಂಜೆ ಚಹಾಕ್ಕೆ ಕರೆದರು. ರಾಯಚೂರಿನ ಮನೆ ಬಾಡಿಗೆಗೆ ಕೊಟ್ಟು ದೇವದುರ್ಗಕ್ಕೆ ತಂಗಿಯ ಹತ್ತಿರ ಹೋಗುತ್ತೇನೆ ಅಂದರು. ಶಾಲೆಯವರು ಹೊದಿಸಿದ ಶಾಲು ಖುರ್ಚಿಯ ಮೇಲೆ ಮುದ್ದೆಯಾಗಿ ಬಿದ್ದಿತ್ತು. ಇನ್ನು ಹೊತ್ತು ಸಿಗುವುದಿಲ್ಲ ಅನಿಸಿ ನಾನು ಬಾಯಿಬಿಟ್ಟೆ.

"ಟೀಚರ್ರೀ, ಅವತ್ತ ನಾ ಆ ಕಲ್ಲು ಇಡಬಾರದಿತ್ತು. ತಪ್ಪಾತು."

"ಕಲ್ಲಿಂದು ಬಿಡ್ರಿ ಅಣ್ಣಾರ. ಕಲ್ಲು ಇಡೂ ಮಂದಿ ಇಡ್ತಾರ, ಕೀಳಾಕ ನನಗ ಬರ್ತದ." ಕನ್ನಡಕವನ್ನು ಹಣೆಗೆ ಏರಿಸಿದರು. ನನ್ನ ಮುಖವನ್ನು ಹತ್ತಿರದಿಂದ ನೋಡಿದರು. "ಅವತ್ತ ಆಕಿ ನನಗ ಅಂದದ್ದು ನಿಮಗ ಕೇಳಿಸಿತ್ತೇನು?"

ಹೌದು ಅನ್ನಲು ಒಂದೇ ಒಂದು ಗಳಿಗೆ ಸಾಕಿತ್ತು. ನಾಲಿಗೆ ಆ ಕಡೆ ಹೊರಟಿತ್ತು ಕೂಡ.

"ಇಲ್ರಿ," ಅಂದೆ. "ಪೂಜಾದ ಗಂಟಿ ಸಪ್ಪಳ ಇತ್ತಲ್ರಿ. ಏನೂ ಕೇಳಿಸಲಿಲ್ಲ."

 ಅವರು ಕನ್ನಡಕ ಇಳಿಸಿಕೊಂಡರು.

"ಹೌದ್ರಿ," ಅಂದರು. "ಗಂಟಿ ಭಾಳ ಜೋರಿತ್ತು."

ಆ ಕಟ್ಟೆಯಲ್ಲಿ ಗಂಟೆ ಇರಲಿಲ್ಲ. ಅದನ್ನು ಕಟ್ಟಿದವನು ನಾನು, ಗಂಟೆ ಇಟ್ಟಿರಲಿಲ್ಲ. ದೀಪ ಹಚ್ಚಿದವಳ ಕೈಯಲ್ಲೂ ಗಂಟೆ ಇರಲಿಲ್ಲ. ಟೀಚರು ನನ್ನ ಲೋಟಕ್ಕೆ ಇನ್ನೊಂದಿಷ್ಟು ಚಹಾ ಹಾಕಿ, ಸಕ್ಕರೆ ಸಾಕೇನು ಅಂತ ಕೇಳಿದರು. ಸಾಕು ಅಂದೆ.